ಮೂವತ್ತೊಂದು ಮಿಸ್ ಕಾಲ್

ಕಳೆದ ತಿಂಗಳು ಕಾಗಾಲಕ್ಕೆ ಹೋಗಬೇಕಾಯಿತು. ನನ್ನ ಸೇವಾ ಪುಸ್ತಕದಲ್ಲಿ ಹಳೆಯ ಶಾಲೆಯ ಒಂದು ವರ್ಷದ ರಜೆಯ ವಿವರ ಬಿಟ್ಟುಹೋಗಿತ್ತು. ಅದನ್ನು ಬರೆಸಿ ಸಹಿ ಹಾಕಿಸಿಕೊಂಡು ಬರಲು ಭಟ್ಕಳದಿಂದ ಬೆಳಿಗ್ಗೆಯೇ ಹೊರಟೆ. ಕುಮಟಾದಲ್ಲಿ ಬಸ್ಸು ಬದಲಿಸಿ ಶಾಲೆಯ ಹತ್ತಿರ ಇಳಿದಾಗ ಹೊಳೆ ಇಳಿತದಲ್ಲಿತ್ತು. ಕೆಸರಿನ ವಾಸನೆ, ಅದರ ಜೊತೆಗೆ ಯಾರದೋ ಮನೆಯಲ್ಲಿ ಬಳಚು ಬೇಯುತ್ತಿರುವ ವಾಸನೆ. ಒಲೆಯ ಮೇಲೆ ಚಿಪ್ಪುಗಳು ಬಾಯಿ ಬಿಡುವಾಗ ಏಳುವ ಆ ಉಪ್ಪು ಹಬೆ ಮೂಗಿಗೆ ಬಡಿದಾಗ ರಸ್ತೆಯ ಬದಿಯಲ್ಲೇ ನಿಂತುಬಿಟ್ಟೆ. ಕೈ ತಾನಾಗಿ ಚೀಲದೊಳಗೆ ಹೋಗಿ ಫೋನು ಹುಡುಕುತ್ತಿತ್ತು. ಯಾರಿಗೆ ಮಾಡಬೇಕಾಗಿತ್ತು ಎಂದು ನನಗೆ ಹೊಳೆಯಲಿಲ್ಲ.

ಶಾಲೆಯ ಗುಮಾಸ್ತ ಹೊಸಬ. ಹಳೆಯ ಹಾಜರಿ ಪುಸ್ತಕ ತೆಗೆದು ತಿಂಗಳು ತಿಂಗಳಾಗಿ ಬೆರಳಾಡಿಸಿದ. ಜೂನಿನಿಂದ ಜನವರಿಯ ಮಧ್ಯದವರೆಗೆ ನನ್ನ ಹೆಸರಿನ ಮುಂದೆ ಒಂದು ರಜೆಯೂ ಇರಲಿಲ್ಲ. "ಜ್ವರನಾದ್ರೂ ಬರ್ಬೇಕಿತ್ತು ಮೇಡಂ, ನಾ ಬರೆಯೂದ್ ಎಂತ?" ಎಂದು ನಕ್ಕ. ಅದು ಹೊಗಳಿಕೆ ಎಂದೇ ಅವನು ತಿಳಿದಿದ್ದ. ಆಗ ನಾನೂ ಹಾಗೆಯೇ ತಿಳಿದಿದ್ದೆ.

ಆ ವರ್ಷದ ದಿನಚರಿ ಇನ್ನೂ ನನ್ನ ಹತ್ತಿರ ಇದೆ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಹತ್ತಿದ ಅಭ್ಯಾಸ. ನೆನಪನ್ನು ನಾನು ಹೆಚ್ಚು ನಂಬುವುದಿಲ್ಲ. ಒಮ್ಮೆ ನನ್ನ ಪರವಾಗಿ ಸಾಕ್ಷಿ ಹೇಳುತ್ತದೆ, ಇನ್ನೊಮ್ಮೆ ಬೇಕೆಂದೇ ನನ್ನ ವಿರುದ್ಧ. ಬರೆದಿಟ್ಟದ್ದು ಹಾಗಲ್ಲ ಎಂದುಕೊಂಡಿದ್ದೆ. ಆದರೆ ಆ ವರ್ಷದ ಪುಟಗಳಲ್ಲಿ ಇರುವುದು ಇಷ್ಟೇ: "ತ್ರಿಕೋನಮಿತಿ ಮುಗಿಯಿತು." "ಮೂರನೆಯ ಕಿರುಪರೀಕ್ಷೆ, ಇಪ್ಪತ್ತೆರಡು ಮಂದಿ ಪಾಸು." "ಗಣಪತಿ ಭಾಗಾಕಾರ ಮತ್ತೆ ತಪ್ಪಿದ." ಸುಳ್ಳು ಒಂದೂ ಇಲ್ಲ. ಅಕ್ಕನ ಹೆಸರೂ ಇಲ್ಲ.

ಹಿಂದಿನ ವರ್ಷ ನಮ್ಮ ಶಾಲೆಯ ಹತ್ತನೆಯ ತರಗತಿಯ ಫಲಿತಾಂಶ ಕೆಟ್ಟಿತ್ತು. ಗಣಿತದಲ್ಲೇ ಹೆಚ್ಚು ಮಂದಿ ಹೋಗಿದ್ದರು, ಗಣಿತದ ಶಿಕ್ಷಕಿ ನಾನು. ಸಭೆಯೊಂದರಲ್ಲಿ ಎಲ್ಲರೆದುರು ಎದ್ದು ನಿಂತು ಕಾರಣ ಹೇಳಬೇಕಾಯಿತು. ಯಾರೂ ಬೈಯಲಿಲ್ಲ. ಆದರೂ ಮತ್ತೊಮ್ಮೆ ಹಾಗೆ ಎದ್ದು ನಿಲ್ಲಬಾರದು ಎಂದುಕೊಂಡೆ. ಜೂನಿನಲ್ಲಿ ಹೊಸ ತರಗತಿ ಬಂತು, ಮೂವತ್ತೊಂದು ಮಕ್ಕಳು. ಬೇರೆ ಶಾಲೆಗಳಲ್ಲಿ ದಡ್ಡ ಮಕ್ಕಳನ್ನು ಶಿಕ್ಷಕರು ಐದೈದರಂತೆ ದತ್ತು ತೆಗೆದುಕೊಳ್ಳುತ್ತಿದ್ದರು. ನಾನು ಮೂವತ್ತೊಂದನ್ನೂ ತೆಗೆದುಕೊಂಡೆ. ಬೇಡ, ಹಂಚಿಕೊಳ್ಳೋಣ ಎಂದು ಹಿಂದಿ ಟೀಚರು ಹೇಳಿದ್ದರು. ಹಂಚಿದರೆ ಹಾಳಾಗುತ್ತದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಬೆಳಿಗ್ಗೆ ಮಕ್ಕಳನ್ನು ಫೋನು ಮಾಡಿ ಎಬ್ಬಿಸುವ ಪದ್ಧತಿ ನಾನು ಕಂಡುಹಿಡಿದದ್ದಲ್ಲ. ಪರೀಕ್ಷೆ ಹತ್ತಿರ ಬಂದಾಗ ಎಲ್ಲ ಕಡೆಯೂ ಮಾಡುತ್ತಾರೆ. ನಾನು ದೀಪಾವಳಿಯಿಂದಲೇ ಶುರುಮಾಡಿದೆ. ಬೆಳಗಿನ ಐದಕ್ಕೆ ಪಟ್ಟಿ ಹಿಡಿದು ಕೂರುವುದು, ಒಂದೊಂದೇ ಮನೆಗೆ ಫೋನು ಮಾಡುವುದು. ಮಗು ಎದ್ದು, ಮುಖ ತೊಳೆದು, ಪುಸ್ತಕ ತೆರೆದ ಮೇಲೆ ನನಗೆ ಒಂದು ಮಿಸ್ ಕಾಲ್ ಕೊಡಬೇಕು. ನಾನು ಇನ್ನೊಬ್ಬರ ಜೊತೆ ಮಾತಾಡುತ್ತಿರುವಾಗ ಕಿವಿಯಲ್ಲಿ ಟುಂಯ್ ಎಂದರೆ ಒಬ್ಬ ಎದ್ದ ಎಂದು ಅರ್ಥ. ಆರಕ್ಕೆ ಮುಂಚೆ ಎಲ್ಲ ಮುಗಿಸಿ, ಯಾರ ಹೆಸರಿಂದ ಮಿಸ್ ಕಾಲ್ ಬಂದಿದೆಯೋ ಅವರ ಮುಂದೆ ಗುರುತು ಹಾಕುತ್ತಿದ್ದೆ. ಹೊಳೆಯಲ್ಲಿ ಬಳಚು ಹೆಕ್ಕಲು ಹೋಗುವ ಗಣಪತಿಯ ತಾಯಿ ಒಮ್ಮೆ ದಾರಿಯಲ್ಲಿ ಸಿಕ್ಕಿ, "ನಮ್ಮನೆ ಕೋಳಿಗೆ ಕೆಲ್ಸನೇ ಇಲ್ದಂಗ್ ಮಾಡೀರಿ ಅಕ್ಕೋರೆ" ಎಂದಳು. ಅದನ್ನು ನಾನು ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ನಾನು ಕುಮಟಾದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ, ಒಬ್ಬಳೇ. ಅಕ್ಕ ಗಂಗೆಯನ್ನು ಕೊಟ್ಟದ್ದು ಹೊನ್ನಾವರದ ಹತ್ತಿರ ಕರ್ಕಿಗೆ. ಅವಳಿಗೆ ಮಕ್ಕಳಿಲ್ಲ. ಎರಡೂ ಮೂತ್ರಪಿಂಡ ಕೆಟ್ಟು ಆ ವರ್ಷಕ್ಕೆ ಎರಡು ವರ್ಷವಾಗಿತ್ತು. ಮಂಗಳವಾರ ಮತ್ತು ಶುಕ್ರವಾರ ಡಯಾಲಿಸಿಸ್ಸಿಗೆ ಬಸ್ಸಿನಲ್ಲಿ ಕುಮಟಾಕ್ಕೆ ಬರುತ್ತಿದ್ದಳು. ಭಾವ ಮೀನಿನ ಟೆಂಪೋ ಓಡಿಸುವವರು. ಬೆಳಗಾಗುವ ಮೊದಲೇ ಬಂದರಿಗೆ ಹೋಗಿ ಲೋಡು ಹಾಕಿಕೊಂಡು ಗೋವಾ ಕಡೆ ಹೊರಟರೆ ಬರುವುದು ಮಧ್ಯಾಹ್ನ ಕಳೆದು. ಹಾಗಾಗಿ ಅಕ್ಕ ಒಬ್ಬಳೇ ಬರುವುದು, ಒಬ್ಬಳೇ ಹೋಗುವುದು. ನನ್ನ ಕೋಣೆಯ ಒಂದು ಬೀಗದ ಕೈ ಅವಳ ಹತ್ತಿರ ಇತ್ತು. ನಾಲ್ಕು ತಾಸು ಯಂತ್ರಕ್ಕೆ ಕೈ ಕೊಟ್ಟು ಮಲಗಿ ಎದ್ದ ಮೇಲೆ ನನ್ನ ಕೋಣೆಗೆ ಬಂದು ಒಂದು ತಾಸು ಒರಗಿ, ಸುಸ್ತು ಇಳಿದ ಮೇಲೆ ಬಸ್ಸು ಹತ್ತುತ್ತಿದ್ದಳು. ನಾನು ಆ ಹೊತ್ತಿಗೆ ವಿಶೇಷ ತರಗತಿಯಲ್ಲಿ. ಕತ್ತಲಾಗುವಾಗ ಬಂದು ನೋಡಿದರೆ ಪಾತ್ರೆ ತೊಳೆದಿರುತ್ತಿತ್ತು, ಮೇಜಿನ ಮೇಲೆ ಡಬ್ಬಿಯಲ್ಲಿ ಏನಾದರೂ ಇರುತ್ತಿತ್ತು, ಹಾಸಿಗೆಯಲ್ಲಿ ಅವಳು ಮಲಗಿದ ಗುಳಿ. ಅವಳು ವಾರಕ್ಕೆ ಎರಡು ಸಲ ನನ್ನ ಮನೆಗೆ ಬರುತ್ತಿದ್ದಳು, ನಾನು ತಿಂಗಳಿಗೊಮ್ಮೆಯೂ ಅವಳನ್ನು ನೋಡುತ್ತಿರಲಿಲ್ಲ. ಶುಕ್ರವಾರ ಒಂದು ದಿನ ನಾಲ್ಕಕ್ಕೆ ಬಾ ಎಂದು ಅವಳು ಕೇಳಿದ್ದು ನೆನಪಿದೆ. ಎಷ್ಟು ಸಲ ಕೇಳಿದಳು ಎಂಬುದು ನೆನಪಿಲ್ಲ. ಪೂರ್ವಸಿದ್ಧತಾ ಪರೀಕ್ಷೆ ಮುಗಿಯಲಿ ಎನ್ನುತ್ತಿದ್ದೆ.

ಜನವರಿಯಲ್ಲಿ ಅವಳಿಗೆ ಜ್ವರ ಬಂತು. ಆ ಶುಕ್ರವಾರ ಡಯಾಲಿಸಿಸ್ಸಿಗೆ ಬರಲಾಗಲಿಲ್ಲ. ಶನಿವಾರ ಫೋನು ಮಾಡಿ, ಕಾಲು ಬಾತಿದೆ, ಮಲಗಿದರೆ ಉಸಿರು ಹಿಡಿಯುತ್ತದೆ, ಭಾನುವಾರ ಬರುತ್ತೀಯಾ ಎಂದಳು. ಭಾನುವಾರ ಮಕ್ಕಳಿಗೆ ಪುನರಾವರ್ತನೆ ಪರೀಕ್ಷೆ ಇಟ್ಟಿದ್ದೆ. ಮಂಗಳವಾರ ಹೇಗೂ ನೀನೇ ಬರುತ್ತೀಯಲ್ಲ ಎಂದೆ. ಆತು ಎಂದಳು. ಇಷ್ಟು ಮಾತ್ರ ನನಗೆ ಪದಕ್ಕೆ ಪದ ನೆನಪಿದೆ, ಆದ್ದರಿಂದಲೇ ಇದರ ಬಗ್ಗೆ ಅನುಮಾನ.

ಸೋಮವಾರ ಬೆಳಿಗ್ಗೆ ಎಂದಿನಂತೆ ಪಟ್ಟಿ ಹಿಡಿದು ಕೂತೆ. ನನ್ನ ನೆನಪಿನಲ್ಲಿ ಹೊರಗೆ ಮಳೆ ಬರುತ್ತಿತ್ತು. ಜನವರಿಯಲ್ಲಿ ಕುಮಟಾದಲ್ಲಿ ಎಲ್ಲಿಯ ಮಳೆ? ಆದರೂ ಆ ಬೆಳಗನ್ನು ನೆನೆದಾಗಲೆಲ್ಲ ಹಂಚಿನ ಮೇಲೆ ನೀರಿನ ಸದ್ದು ಕೇಳುತ್ತದೆ. ಒಂದಾದ ಮೇಲೊಂದು ಮನೆಗೆ ಫೋನು ಮಾಡುತ್ತಿದ್ದೆ, ಕಿವಿಯಲ್ಲಿ ಟುಂಯ್ ಟುಂಯ್ ಬರುತ್ತಿತ್ತು. ಆ ಹೊತ್ತಿಗೆ ಹೆಸರು ನೋಡಿ ಗುರುತು ಹಾಕುವುದನ್ನು ಬಿಟ್ಟು ಒಟ್ಟು ಸಂಖ್ಯೆ ಮಾತ್ರ ನೋಡುವ ಸೋಮಾರಿತನ ಬಂದಿತ್ತು. ಅಷ್ಟು ಕೆಲಸದ ನಡುವೆ ಅದೂ ಒಂದು ಉಳಿತಾಯ. ಕೊನೆಯ ಫೋನು ಮುಗಿಸಿ ನೋಡಿದರೆ ಪರದೆಯ ಮೇಲೆ ಮೂವತ್ತೊಂದು ಮಿಸ್ ಕಾಲ್. ಅಲ್ಲಿಯವರೆಗೆ ಯಾವತ್ತೂ ಇಪ್ಪತ್ತೊಂಬತ್ತು ದಾಟಿರಲಿಲ್ಲ. ಪಟ್ಟಿಯ ಮೇಲಿಂದ ಕೆಳಗಿನವರೆಗೆ ಒಂದೇ ಗೀಟು ಎಳೆದೆ. ಫೋನು ಚೀಲಕ್ಕೆ ಹಾಕಿ, ದಿನಚರಿಯಲ್ಲಿ ಅಲ್ಲೇ ಬರೆದೆ: "ಇಂದು ಮೂವತ್ತೊಂದೂ ಎದ್ದವು. ಮೊದಲ ಸಲ ಪೂರ್ತಿ. ಸಂತೋಷ."

ಅವುಗಳಲ್ಲಿ ಮೂರು ಅಕ್ಕನವು.

ಭಾವ ಆಗಲೇ ಲೋಡು ತುಂಬಿಸಿ ಹೊರಟಾಗಿತ್ತು. ಮನೆಯಲ್ಲಿದ್ದ ಅಕ್ಕನ ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ. ಅಕ್ಕ ಮೂರು ಸಲ ನನಗೆ ಮಾಡಿ, ಆಮೇಲೆ ಜಗಲಿಯವರೆಗೆ ತೆವಳಿ ಬಂದು ಕಂಬಕ್ಕೆ ತಂಬಿಗೆ ಬಡಿದು ಪಕ್ಕದ ಮನೆಯವರನ್ನು ಕರೆದಳಂತೆ. ನನಗೆ ತಿಳಿದದ್ದು ಹನ್ನೊಂದೂವರೆಯ ಬಿಡುವಿನಲ್ಲಿ. ಅಷ್ಟರಲ್ಲಿ ಅವಳನ್ನು ಆಂಬುಲೆನ್ಸಿನಲ್ಲಿ ಮಂಗಳೂರಿನ ಕಡೆ ಕರೆದೊಯ್ದಾಗಿತ್ತು. ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮೊದಲು ಅಷ್ಟು ದೂರದ ರಸ್ತೆ. ರಸ್ತೆಯಲ್ಲಿ ಎರಡು ಸಲ ಉಸಿರು ನಿಂತಿತ್ತು ಎಂದು ಜೊತೆಗೆ ಹೋದವರು ಹೇಳಿದರು.

ಬದುಕಿದಳು. ಎರಡು ವಾರಕ್ಕೂ ಮೇಲೆ ಅಲ್ಲಿದ್ದಳು. ನಾನು ರಜೆ ಹಾಕಿ ಹೋದೆ. ಗುಮಾಸ್ತನಿಗೆ ಸಿಕ್ಕಿದ ಮೊದಲ ರಜೆ ಅದೇ. ಹೋಗುವಾಗ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನೂ ತೆಗೆದುಕೊಂಡು ಹೋದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನ ಮೇಲೆ ತೊಡೆಯ ಮೇಲಿಟ್ಟುಕೊಂಡು ಮೂವತ್ತೊಂದನ್ನೂ ತಿದ್ದಿ ಮುಗಿಸಿದೆ. ಭಾವ ಎದುರಿನ ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. ಮೂರನೆಯ ದಿನ ಒಂದೇ ಮಾತು ಹೇಳಿದರು: "ನಿನ್ ಫೋನು ಬಿಜಿ ಇತ್ತಂತೆ."

ಫೆಬ್ರವರಿಯಲ್ಲಿ ಅವಳು ಮತ್ತೆ ಕುಮಟಾದ ಡಯಾಲಿಸಿಸ್ಸಿಗೆ ಬರಲು ಶುರುಮಾಡಿದಾಗ ಅರ್ಧ ಆಗಿದ್ದಳು. ಕೈಯ ಬಳೆ ಮೊಣಕೈವರೆಗೆ ಏರುತ್ತಿತ್ತು. ಮೊದಲ ಶುಕ್ರವಾರ ನಾನು ಮಧ್ಯಾಹ್ನವೇ ಶಾಲೆ ಬಿಟ್ಟು ಅವಳ ಹಾಸಿಗೆಯ ಪಕ್ಕ ಹೋಗಿ ಕೂತೆ. ಅಕ್ಕನ ಎದುರು ತಪ್ಪು ಒಪ್ಪಿಕೊಳ್ಳಬೇಕು ಎಂದು ದಿನಚರಿ ತಂದಿದ್ದೆ. ಬಾಯಲ್ಲಿ ಹೇಳುವ ಧೈರ್ಯ ಇರಲಿಲ್ಲ. ಆ ಸೋಮವಾರದ ಪುಟ ತೆರೆದು ಕೈಗೆ ಕೊಟ್ಟೆ. ಅವಳು ಓದಿದಳು.

"ನಂದೂ ಎಣಿಸ್ದೆ ಹಂಗಾರೆ," ಎಂದಳು. "ನಾನೂ ಪಾಸು."

ಆಮೇಲೆ ಬಿಡುವಿದ್ದ ಕೈಯಿಂದ ಹಿಂದಿನ ಪುಟಗಳನ್ನು ಮಗುಚುತ್ತಾ ಹೋದಳು. ಜೂನಿನವರೆಗೂ ಹೋಗಿ ನಿಂತಳು. "ಇಡೀ ವರ್ಷ ನೀ ಎಂತ ತಿಂದೆ ಅಂತ ಒಂದ್ ಕಡೆಗೂ ಇಲ್ಲ ತಂಗಿ. ನಾ ಇಟ್ಟೋದ ಡಬ್ಬಿ ಎಲ್ಲ ಬೆಕ್ಕು ತಿಂತೇನೆ?"

ನಾನು ಅತ್ತೆನೆಂದು ಕಾಣುತ್ತದೆ. ಅತ್ತಿರಬೇಕು. ಅವಳು ಮಾತ್ರ ಅಳಲಿಲ್ಲ; ಅಳುವಷ್ಟು ಉಸಿರು ಇರಲಿಲ್ಲ. ಒಂದು ಕಟ್ಟಳೆ ಹೇಳಿದಳು. ದಿನಾ ಸಂಜೆ ದೀಪ ಹಚ್ಚುವ ಮೊದಲು ಒಂದು ಪುಟ ಬರೆಯಬೇಕು. ಅದರಲ್ಲಿ ಶಾಲೆ ಇರಬಾರದು. ಮಂಗಳವಾರ, ಶುಕ್ರವಾರ ಬಂದು ಅವಳಿಗೆ ಓದಿ ಹೇಳಬೇಕು. ನಾಲ್ಕು ತಾಸು ಫ್ಯಾನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು.

ಸುಲಭ ಎಂದುಕೊಂಡೆ. ಮೊದಲ ಸಂಜೆ ಕೂತರೆ ಒಂದು ಸಾಲೂ ಬರಲಿಲ್ಲ. ಶಾಲೆ ತೆಗೆದುಹಾಕಿದರೆ ನನ್ನ ದಿನದಲ್ಲಿ ಎರಡು ಬಸ್ ಪ್ರಯಾಣ ಮತ್ತು ಒಂದು ಸ್ನಾನ ಉಳಿಯುತ್ತಿತ್ತು. ಮೂವತ್ತೆಂಟು ವರ್ಷದ, ಎರಡು ಪದವಿ ಪಡೆದ ಹೆಂಗಸು ಖಾಲಿ ಹಾಳೆಯ ಮುಂದೆ ದಡ್ಡ ಮಗುವಿನಂತೆ ಪೆನ್ನು ಕಚ್ಚುತ್ತಾ ಕೂತಿದ್ದೆ. ಎರಡನೆಯ ದಿನವೂ ಹಾಗೇ. ಸೋಮವಾರ ಸುಳ್ಳು ಬರೆದೆ: ಹನ್ನೊಂದೂವರೆಯ ಬಿಡುವಿನಲ್ಲಿ ಹೊಳೆಯ ದಂಡೆಗೆ ಹೋದೆ, ಹೆಂಗಸರು ಮೊಣಕಾಲು ನೀರಿನಲ್ಲಿ ಬಗ್ಗಿ ಬಳಚು ಹೆಕ್ಕುತ್ತಿದ್ದರು, ಒಬ್ಬಳು ಹಾಡುತ್ತಿದ್ದಳು, ಬಿಸಿಲು ನೀರಿನ ಮೇಲೆ ಹೊಳೆಯುತ್ತಿತ್ತು. ಚೆನ್ನಾಗಿಯೇ ಬರೆದಿದ್ದೆ. ಮಂಗಳವಾರ ಓದಿದೆ. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿ, ಇದು ಯಾವತ್ತಿನ ಸುದ್ದಿ ಎಂದಳು. ನಿನ್ನೆಯದು ಎಂದೆ.

"ನಿನ್ನೆ ಅಮಾಸೆ," ಎಂದಳು. "ಅಮಾಸೆ ದಿವ್ಸ ಆ ಹೊತ್ತಿಗೆ ಹೊಳೆ ಭರ್ತಿ ಇರ್ತದೆ. ಹೆಂಗಸ್ರು ಈಜ್ಕಂತಾ ಹೆಕ್ಕಿದ್ರೇನೆ?"

ಪಕ್ಕದ ಹಾಸಿಗೆಯ ಮುದುಕ ನಕ್ಕುಬಿಟ್ಟ. ನಾವಿಬ್ಬರೂ ಹುಟ್ಟಿದ್ದು ಹೊಳೆಯ ದಂಡೆಯಲ್ಲೇ. ಅವಳಿಗೆ ಮದುವೆಯಾಗಿ ಅಷ್ಟು ವರ್ಷವಾದರೂ, ಹಾಸಿಗೆ ಹಿಡಿದರೂ, ನೀರು ಏರುವ ಇಳಿಯುವ ಹೊತ್ತು ಮೈಯಲ್ಲಿತ್ತು. ನಾನು ದಿನವೂ ಅದೇ ದಂಡೆಯ ಶಾಲೆಗೆ ಹೋಗಿ ಬರುತ್ತಿದ್ದೆ. ಒಂದು ವರ್ಷದಿಂದ ಕಿಟಕಿಯ ಹೊರಗೆ ನೋಡಿರಲಿಲ್ಲ.

ಅಂದಿನಿಂದ ಕಂಡದ್ದನ್ನು ಮಾತ್ರ ಬರೆದೆ. ಕಾಣಬೇಕಾದರೆ ನಿಲ್ಲಬೇಕಿತ್ತು, ನಿಲ್ಲಬೇಕಾದರೆ ಏನನ್ನಾದರೂ ಬಿಡಬೇಕಿತ್ತು. ಸಂಜೆಯ ಎರಡನೆಯ ತರಗತಿ ಬಿಟ್ಟೆ. ಭಾನುವಾರದ ಪರೀಕ್ಷೆಗಳನ್ನು ನಿಲ್ಲಿಸಿದೆ. ಬಿಟ್ಟದ್ದರಿಂದ ಹಗುರಾಯಿತು ಎಂದು ಹೇಳಲಾರೆ. ಬಸ್ಸಿನಲ್ಲಿ ಕೂತವಳಿಗೆ ಏನೋ ಮರೆತು ಬಂದಿದ್ದೇನೆ ಎನ್ನಿಸಿ ಅರ್ಧ ದಾರಿಯಲ್ಲಿ ಇಳಿಯುವಷ್ಟು ಗಾಬರಿಯಾಗುತ್ತಿತ್ತು. ಫಲಿತಾಂಶ ಬಿದ್ದರೆ ಯಾರು ಹೊಣೆ ಎಂದು ಹೆಡ್ ಮಾಸ್ತರು ಕೇಳಿದರು. ನಾನೇ ಎಂದೆ. ಅಕ್ಕನ ಪಕ್ಕದಲ್ಲಿ ಕೂತಾಗಲೂ ಕೈ ಚೀಲದೊಳಗೆ ಹೋಗಿ ಉತ್ತರಪತ್ರಿಕೆ ಎಳೆಯುತ್ತಿತ್ತು. ಒಂದು ದಿನ ಅವಳು ನನ್ನ ಕೆಂಪು ಪೆನ್ನು ಕಸಿದು ದಿಂಬಿನಡಿಗೆ ಇಟ್ಟುಕೊಂಡಳು. ಕೇಳಿದರೂ ಕೊಡಲಿಲ್ಲ.

ಬೆಳಗಿನ ಫೋನನ್ನು ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಇನ್ನು ನೀವೇ ಎಬ್ಬಿಸಿ ಎಂದು ಹೇಳಲು ಮನೆಮನೆಗೆ ಹೋದೆ. ಗಣಪತಿಯ ತಾಯಿ ಒಳಗೆ ಕರೆದು ಚಾ ಕೊಟ್ಟಳು. ಹೇಳಲೋ ಬೇಡವೋ ಎಂದು ಸೆರಗು ತಿರುವುತ್ತಾ, ಕೊನೆಗೆ ಹೇಳಿದಳು: "ಅವ ಮಿಸ್ ಕಾಲ್ ಕೊಟ್ಟು ಮತ್ತೆ ಮಲಗ್ತಿದ್ದ ಅಕ್ಕೋರೆ. ಕೇರಿ ಮಕ್ಕಳೆಲ್ಲ ಹಂಗೇ. ನಿಮ್ಗೆ ಬೇಜಾರಾಗ್ತದೆ ಅಂತ ನಾವ್ಯಾರೂ ಹೇಳೂಕೆ ಹೋಗಿಲ್ಲ."

ಚಾ ಕುಡಿದು ಎದ್ದೆ. ಆ ದಿನದ ಪುಟದಲ್ಲಿ ಅದನ್ನು ಬರೆಯಲಿಲ್ಲ, ಶಾಲೆಯ ಸುದ್ದಿ ಎಂದು. ಅದು ನೆಪ. ಅಕ್ಕನಿಗೆ ಕೊನೆಯವರೆಗೂ ಹೇಳಲಿಲ್ಲ. ಹೇಳಿದ್ದರೆ ನನ್ನನ್ನು ಎಂದಿನಂತೆ ಆಡಿಕೊಂಡು ನಗುತ್ತಿದ್ದಳು, ಅಷ್ಟೇ. ನಕ್ಕಿದ್ದರೆ ಒಳ್ಳೆಯದಿತ್ತು.

ಫೆಬ್ರವರಿಯಿಂದ ಏಪ್ರಿಲಿನವರೆಗೆ ಅವಳ ಪಕ್ಕ ಹದಿನಾಲ್ಕು ಸಲ ಕೂತಿದ್ದೇನೆ. ಇದು ನೆನಪಲ್ಲ, ಪುಟಗಳಿವೆ. ಸೇತುವೆಯ ಮೇಲೆ ಬಸ್ಸು ನಿಂತಾಗ ಕಂಡ ಬೆಳ್ಳಕ್ಕಿಗಳು, ಕೋಣೆಯ ಯಜಮಾನಿಯ ಜೊತೆ ಉಪ್ಪಿನಕಾಯಿಗೆ ಮಾವಿನ ಮಿಡಿ ಆರಿಸಿದ್ದು, ಎಷ್ಟೋ ವರ್ಷದ ನಂತರ ನಾನೇ ಅನ್ನದ ಗಂಜಿ ಬಾಗಿಸಿ ಕೈ ಸುಟ್ಟುಕೊಂಡದ್ದು. ಓದುವಾಗ ಅವಳು ನಡುವೆ ನಡುವೆ ತಿದ್ದುತ್ತಿದ್ದಳು, ಎಷ್ಟೋ ಸಲ ನಿದ್ದೆ ಹೋಗುತ್ತಿದ್ದಳು. ಪರೀಕ್ಷೆ ಮುಗಿದ ಮೇಲೆ ಶನಿವಾರ ಕರ್ಕಿಗೆ ಹೋಗಿ ಅವಳ ಪಕ್ಕ ಚಾಪೆ ಹಾಸಿ ಮಲಗುವ ರೂಢಿ ಮಾಡಿಕೊಂಡೆ. ಅಂಥ ಮೂರನೆಯ ಭಾನುವಾರ ಬೆಳಗಾಗುವ ಮೊದಲು ಅವಳು ಹೋದಳು. ನಾನು ಒಂದು ಮಾರು ದೂರದಲ್ಲಿ ಗಾಢ ನಿದ್ದೆಯಲ್ಲಿದ್ದೆ. ಭಾವ ಭುಜ ಅಲುಗಿಸಿದಾಗ ಎಲ್ಲ ಮುಗಿದಿತ್ತು.

ತಂಗಿಯನ್ನು ಎಬ್ಬಿಸಬೇಡಿ, ಅವಳು ಹೀಗೆ ಮಲಗಿದ್ದು ನೋಡಿ ಎಷ್ಟು ವರ್ಷವಾಯಿತು ಎಂದು ಅಕ್ಕ ಹೇಳಿದಳೆಂದು ಭಾವ ಅಂದು ಹೇಳಿದರು. ನಾನು ಅದನ್ನು ಬರೆದಿಟ್ಟುಕೊಂಡೆ.

ಆಮೇಲಿನದು ಒಂದೇ ನೇರ ದಾರಿಯಲ್ಲ. ಫಲಿತಾಂಶ ಬಂತು, ನಾಲ್ವರು ಫೇಲಾದರು, ಗಣಪತಿ ಪಾಸಾದ. ನಾಲ್ವರಿಗಾಗಿ ಬೇಸಿಗೆಯಿಡೀ ಬೆಳಗಿನಿಂದ ಸಂಜೆಯವರೆಗೆ ತರಗತಿ ಹಿಡಿದೆ. ದುಃಖಕ್ಕೆ ಕೆಲಸದಷ್ಟು ಒಳ್ಳೆಯ ಹೊದಿಕೆ ಇಲ್ಲ. ದಿನಚರಿಯಲ್ಲಿ ಇಪ್ಪತ್ತಮೂರು ಪುಟ ಖಾಲಿ. ಇಪ್ಪತ್ತನಾಲ್ಕನೆಯ ದಿನ ಮತ್ತೆ ಏಕೆ ಬರೆದೆ ಎಂದು ಪುಟ ಹೇಳುವುದಿಲ್ಲ; "ಇಂದು ಎರಡು ದೋಸೆ ತಿಂದೆ" ಎಂದಷ್ಟೇ ಇದೆ. ಆಮೇಲೆ ತಪ್ಪಿಸಿಲ್ಲ. ಈಗ ವರ್ಗವಾಗಿ ಬಂದಿರುವ ಭಟ್ಕಳದಲ್ಲಿ ನಾಲ್ಕೂವರೆಗೆ ಶಾಲೆ ಬಿಟ್ಟು ಹೊರಡುವವಳು ನಾನೇ ಮೊದಲು. ಬೆನ್ನ ಹಿಂದೆ ಮಾತಾಡುತ್ತಾರೆ, ಆಡಿಕೊಳ್ಳಲಿ. ಅಕ್ಕನ ಆ ಕೊನೆಯ ಮಾತೇ ನನ್ನನ್ನು ಹೀಗೆ ಮಾಡಿತು ಎಂದು ನಂಬಿಕೊಂಡಿದ್ದೆ. ಮಲಗಲು ಅವಳ ಅನುಮತಿ ಸಿಕ್ಕಿದೆ ಎಂದು.

ಕಳೆದ ತಿಂಗಳು ಕಾಗಾಲದಿಂದ ಬರುವಾಗ ಕರ್ಕಿಯಲ್ಲಿ ಇಳಿದೆ. ಭಾವ ಜಗಲಿಯಲ್ಲಿದ್ದರು. ಅತ್ತೆ ತೀರಿಕೊಂಡಿದ್ದಾರೆ, ಮನೆಯ ಇನ್ನೊಂದು ಭಾಗದಲ್ಲಿ ಭಾವನ ತಮ್ಮನ ಸಂಸಾರ ಇದೆ. ಗುಮಾಸ್ತನ ಹಾಜರಿ ಪುಸ್ತಕ ನನ್ನೊಳಗೆ ಏನನ್ನೋ ಕದಡಿತ್ತು. ಏಳು ವರ್ಷದಲ್ಲಿ ಕೇಳದ್ದನ್ನು ಕೇಳಿಬಿಟ್ಟೆ. ಅವಳು ನಿಜವಾಗಿ ಹಾಗೆ ಹೇಳಿದಳೇ ಭಾವ?

ಅವರು ಅಂಗಳದ ಕಡೆ ತಿರುಗಿ ಕೂತರು.

"ಎಬ್ಸು ಅಂದಿದ್ಲು," ಎಂದರು. "ತಂಗಿನ ಎಬ್ಸು ಅಂದ್ಲು. ಮಲಗ್ಲಿ ಬಿಡೇ, ನಾ ಗಾಡಿ ತತ್ತೆ ಅಂದಿದ್ದು ನಾನು."

ಭಾವ ನಾಲ್ಕಕ್ಕೆ ಎದ್ದಾಗ ಅವಳು ಗೋಡೆಗೆ ಒರಗಿ ಕೂತಿದ್ದಳಂತೆ. ದಿನವೂ ಇರುವ ಏದುಸಿರೇ ಎಂದುಕೊಂಡು, ಹೆದ್ದಾರಿಯ ಹತ್ತಿರ ನಿಲ್ಲಿಸಿದ್ದ ಟೆಂಪೋ ತರಲು ಹೋದರು. ಹತ್ತು ನಿಮಿಷ. ಬರುವಷ್ಟರಲ್ಲಿ ತಲೆ ವಾಲಿತ್ತು. ನನಗೆ ಹಾಗೆ ಹೇಳಿದ್ದು ನನ್ನ ಸಮಾಧಾನಕ್ಕೋ ತಮ್ಮ ಸಮಾಧಾನಕ್ಕೋ ಅವರಿಗೇ ತಿಳಿಯದು.

ನಾನು ಏನು ಹೇಳಬೇಕಿತ್ತು? ನಿಮ್ಮ ತಪ್ಪಲ್ಲ ಎನ್ನಬಹುದಿತ್ತು. ಅದು ನನಗೂ ಬೇಕಾಗಿದ್ದ ಮಾತು, ಆದ್ದರಿಂದ ಬಾಯಿಗೆ ಬರಲಿಲ್ಲ. ಬದಲಿಗೆ ಜನವರಿಯ ಆ ಸೋಮವಾರ ನಾನು ಬರೆದ ಸಾಲು ಹೇಳಿದೆ, ಮೂರು ಮಿಸ್ ಕಾಲನ್ನು ಮಕ್ಕಳ ಲೆಕ್ಕಕ್ಕೆ ಸೇರಿಸಿದ್ದು, ಸಂತೋಷ ಎಂದು ಬರೆದದ್ದು. ಅಕ್ಕ ಅದನ್ನು ಅವರಿಗೆ ಎಂದೂ ಹೇಳಿರಲಿಲ್ಲ. ಭಾವ ತಲೆಯಾಡಿಸಿದರು, ಒಳಗೆ ಹೋಗಿ ಅಕ್ಕಿ ತೊಳೆದಿಟ್ಟು ಬಂದರು. ಊಟ ಮಾಡದೆ ಹೋಗಬೇಡ ಎಂದರು.

ಸಂಜೆಯಾಗಿತ್ತು. ಜಗಲಿಯಲ್ಲೇ ಪುಸ್ತಕ ತೆಗೆದು ಆ ದಿನದ ಪುಟ ಬರೆದೆ. ಹಳೆಯ ಪುಟಗಳ ಸುಳ್ಳನ್ನು ಹೊಡೆದುಹಾಕುವುದಿಲ್ಲ. ಅದನ್ನು ನಂಬಿಯೇ ನಾನು ಏಳು ವರ್ಷ ನಿದ್ದೆ ಮಾಡಿದ್ದೇನೆ. ಇನ್ನು ಮುಂದೆ ಹೇಗೋ ತಿಳಿಯದು. ಭಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಎಂತ ಬರೀತೆ?"

"ಇವತ್ತಿಂದು."

"ನಾ ಹೇಳಿದ್ದೂ ಅದೆಯಾ? ಓದು."

ಅಕ್ಕ ಹೋದ ಮೇಲೆ ಯಾರಿಗೂ ಓದಿರಲಿಲ್ಲ. ಓದಿದೆ. ಅವರು ಕಂಬ ಹಿಡಿದು ನಿಂತು ಕೇಳಿದರು, ಕೊನೆಯವರೆಗೂ.

"ನಾಕು ಗಂಟೆ ಅಲ್ಲ," ಎಂದರು. "ನಾಕೂವರೆ ಆಗಿತ್ತು. ಅವತ್ತು ಏಳೂಕೆ ನಂಗೆ ತಡ ಆಗಿತ್ತು."

ನಾನು ನಾಲ್ಕು ಎಂಬುದನ್ನು ಹೊಡೆದು, ನಾಲ್ಕೂವರೆ ಎಂದು ಬರೆದೆ.